ನಡುವಿನ ಹಲಗೆ

ಖಂಡೆ ಪೂಜೆಯ ದಿನ ಆಯುಧಕ್ಕೆ ಕೆಲಸ ಹಚ್ಚಬಾರದು. ಈಳಿಗೆ ಇರಲಿ, ಕುಡಗೋಲು ಇರಲಿ, ಅವತ್ತು ಅದು ದೇವರು. ಅನ್ನಪೂರ್ಣಾಬಾಯಿಯ ತವರು ಕುಬಿಹಾಳದಲ್ಲಿ ಇದರ ಜೊತೆಗೆ ಇನ್ನೊಂದು ನೇಮವೂ ಇತ್ತು. ಪೂಜೆ ಸಲ್ಲಬೇಕಾದದ್ದು ಅಲಗಿಗೆ, ಒರೆಗಲ್ಲ. ಹಿಡಿಕೆಗೆ ಒಂದಿಷ್ಟು ಕುಂಕುಮ ತಾಗಿಸಿ ಕೈತೊಳೆದುಕೊಳ್ಳುವ ಸೊಸೆಯಂದಿರನ್ನು ಕಂಡರೆ ಅವಳ ಅಜ್ಜಿಗೆ ಆಗುತ್ತಿರಲಿಲ್ಲ. "ಕಾಯಿಪಲ್ಯಾ ಹೆಚ್ಚೂದು ಹಿಡಕಿ ಏನವಾ?" ಎಂದು ಎಲ್ಲರೆದುರು ಕೇಳಿಬಿಡುತ್ತಿದ್ದಳು.

ಅಂಥ ಅಜ್ಜಿಯ ಕೈಯಲ್ಲಿ ಬೆಳೆದವಳು ಈ ವರ್ಷದ ನವಮಿಯಂದು ಗಂಡನ ಕಂಪ್ಯೂಟರಿಗೆ ಪೂಜೆ ಮಾಡಲು ಕೂತಾಗ, ಮೇಲಿನ ಕರಿ ಡಬ್ಬಿಗೆ ಹೂವು ಏರಿಸಿ ಏಳುವುದು ಹೇಗೆ ಸಾಧ್ಯ? ಡಬ್ಬಿ ಬರೀ ಒರೆ. ಬೇಸಿಗೆಯಲ್ಲಿ ಧೂಳು ಊದಲಿಕ್ಕೆ ಬಂದವರು ಬಾಜುದ ತಗಡು ಬಿಚ್ಚಿದ್ದನ್ನು ಅವಳು ನೋಡಿದ್ದಳು. ಸ್ಕ್ರೂ ಕೈಯಿಂದಲೇ ಬಿಚ್ಚಿತು. ಒಳಗೆ ಹಸಿರು ಹಲಗೆಯೊಂದು ನೆಟ್ಟಗೆ ನಿಂತಿತ್ತು. ಅದರ ಮೈತುಂಬ ಕೂದಲಿನಷ್ಟು ಸಣ್ಣ ಗೆರೆಗಳು, ಅಲ್ಲಲ್ಲಿ ಕರಿ ತುಣುಕುಗಳು. ಓಹೋ, ಕೆಲಸ ಮಾಡುವುದು ಇದು ಎಂದುಕೊಂಡಳು. ಕುಂಕುಮವನ್ನು ನೀರಿನಲ್ಲಿ ಕಲಸಿ ಐದು ಕಡೆ ಇಟ್ಟಳು, ಗಂಧ ಹಚ್ಚಿದಳು, ಅಕ್ಷತೆ ಹಾಕಿದಳು, ಕಡೆಗೆ ಹೂವಿನಿಂದ ನಾಲ್ಕು ಹನಿ ತೀರ್ಥ ಚಿಮುಕಿಸಿ ತಗಡು ಮುಚ್ಚಿದಳು. ಮನಸ್ಸಿಟ್ಟು ಮಾಡಿದ ಪೂಜೆ ಅದು.

ಆ ಯಂತ್ರದ ಮೇಲೆ ಅವಳಿಗೆ ಅಷ್ಟು ಭಕ್ತಿ ಇರಲು ಕಾರಣವಿತ್ತು. ಅದು ಅವಳ ಗಂಡನ ನಾಲಿಗೆಯಾಗಿತ್ತು.

ವೆಂಕಣ್ಣ ಮಾಸ್ತರು ತಿರ್ಲಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು. ಮೊದಲು ಕೈಯಿಂದ ಸೀಮೆಸುಣ್ಣ ಜಾರತೊಡಗಿತು. ಆಮೇಲೆ ಅಂಗಿಯ ಗುಂಡಿ ಹಾಕಲಾಗಲಿಲ್ಲ, ಆಮೇಲೆ ನಡೆಯಲಾಗಲಿಲ್ಲ, ಕಡೆಗೆ ಮಾತೂ ಹೋಯಿತು. ಹುಬ್ಬಳ್ಳಿಯ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದ್ದರು. ಮೆದುಳಿಗೆ ಏನೂ ಆಗಿಲ್ಲ, ಕೈಕಾಲುಗಳೂ ತಾವಾಗಿ ಕೆಟ್ಟಿಲ್ಲ, ಮೆದುಳಿನ ಹುಕುಮನ್ನು ಕೈಕಾಲಿಗೆ ಒಯ್ದು ಮುಟ್ಟಿಸುವ ನರಗಳು ಮಾತ್ರ ಒಂದೊಂದಾಗಿ ಸಾಯುತ್ತಿವೆ, ಇದಕ್ಕೆ ಔಷಧವಿಲ್ಲ. ಈಗ ಹಾಸಿಗೆಯ ಮೇಲಿದ್ದ ಮಾಸ್ತರರ ಹಿಡಿತದಲ್ಲಿ ಉಳಿದದ್ದು ಎಡಗೈಯ ಹೆಬ್ಬೆರಳು ಮತ್ತು ಎರಡು ಕಣ್ಣು.

ಮಾತು ಹೋದ ಹೊಸತರಲ್ಲಿ ಅವಳೇ ಅಕ್ಷರ ಓದುತ್ತಿದ್ದಳು. ಮಂಚದ ಪಕ್ಕ ಕೂತು ವರ್ಣಮಾಲೆಯ ಸಾಲು ಹೇಳುವುದು, ಬೇಕಾದ ಅಕ್ಷರ ಬಂದಾಗ ಅವರು ಒಮ್ಮೆ ಕಣ್ಣು ಮುಚ್ಚಿ ತೆರೆಯುವುದು. ಒಮ್ಮೆ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಅಲ್ಲ. ಏರ್ಪಾಡೇನೋ ಚಲೋ ಇತ್ತು, ಅನ್ನಪೂರ್ಣಾಬಾಯಿ ಚಲೋ ಇರಲಿಲ್ಲ. ಎರಡು ಅಕ್ಷರ ಕೂಡುವುದರೊಳಗೆ ಉಳಿದದ್ದನ್ನು ತಾನೇ ಹೇಳಿಬಿಡುವಳು. ಅವರು ಕಿಟಕಿ ಎಂದು ಶುರು ಮಾಡಿದರೆ ಸಾಕು, ಇವಳು ಎದ್ದು ಹೋಗಿ ಕಿಟಕಿ ಮುಚ್ಚಿ ಬರುವಳು. ಅವರಿಗೆ ಬೇಕಾಗಿದ್ದದ್ದು ಕಿಟಕಿಯ ಹೊರಗೆ ಯಾರು ಬಂದಿದ್ದಾರೆ ಎಂದು ಕೇಳುವುದು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಗಂಡನ ಮನಸ್ಸಿನಲ್ಲಿರುವುದು ನನಗೆ ಗೊತ್ತಾಗುವುದಿಲ್ಲವೇ ಎಂಬ ಜಂಭ. ಮಾಸ್ತರು ಸಿಟ್ಟಿನಿಂದ ಗೋಡೆಯ ಕಡೆ ಕಣ್ಣು ತಿರುಗಿಸುತ್ತಿದ್ದರು. ಜಗಳವಾಡಲಿಕ್ಕೆ ಇಬ್ಬರಿಗೂ ನಾಲಿಗೆ ಇರಬೇಕೆಂದೇನೂ ಇಲ್ಲ.

ಆಗ ಮಾಸ್ತರರ ಅಣ್ಣನ ಮಗ ಕೌಶಿಕ ಈ ಕಂಪ್ಯೂಟರಿನ ವ್ಯವಸ್ಥೆ ಮಾಡಿದ. ನವಲಗುಂದದ ಕಾಲೇಜಿನಲ್ಲಿ ಕಲಿಸುವ ಹುಡುಗ, ಓಡಾಟದವ. ಹೆಬ್ಬೆರಳಿನ ಕೆಳಗೆ ಒಂದು ಗುಂಡಿ, ಎದುರಿಗೆ ಪರದೆ. ಪರದೆಯ ಮೇಲೆ ಅಕ್ಷರಗಳು ಒಂದಾದ ಮೇಲೊಂದು ಬೆಳಗುತ್ತವೆ, ಬೇಕಾದದ್ದು ಬೆಳಗಿದಾಗ ಗುಂಡಿ ಒತ್ತಬೇಕು. ಮಾತು ಪೂರ್ತಿಯಾದರೆ ಯಂತ್ರ ಅದನ್ನು ಗಟ್ಟಿಯಾಗಿ ಓದುತ್ತದೆ. ಓದುವ ಧ್ವನಿ ಮಾತ್ರ ರೇಡಿಯೋದ ಯಾವನೋ ವಾರ್ತೆ ಓದುವವನದು. ಮಾಸ್ತರು "ಉಪ್ಪಿಟ್ಟಿಗಿ ಉಪ್ಪ ಇಲ್ಲ" ಎಂದು ಬರೆದರೆ ಅದು ಸರಕಾರದ ಹೊಸ ಕಾಯ್ದೆಯನ್ನು ಸಾರಿದಂತೆ ಸಾರುತ್ತಿತ್ತು. ಅಡುಗೆಮನೆಯಲ್ಲಿ ಅನ್ನಪೂರ್ಣಾಬಾಯಿ ನಕ್ಕು ಉಪ್ಪು ತರುತ್ತಿದ್ದಳು. ಮನೆಯಲ್ಲಿ ಮತ್ತೆ ಗಂಡಸಿನ ಧ್ವನಿ ಕೇಳಿಸುವಂತಾಗಿದ್ದೇ ಅವಳಿಗೆ ದೊಡ್ಡದು.

ಈ ಭಾದ್ರಪದದಲ್ಲಿ ಉಸಿರು ಕಡಿಮೆಯಾಗತೊಡಗಿತು. ಹುಬ್ಬಳ್ಳಿಗೆ ಕರೆದೊಯ್ದಾಗ ಡಾಕ್ಟರು ಮಾಸ್ತರರನ್ನೇ ನೋಡಿ ಕೇಳಿದರು. ಗಂಟಲಿಗೆ ತೂತು ಮಾಡಿ ಪೈಪು ಹಾಕಿ ಉಸಿರಿನ ಯಂತ್ರ ಜೋಡಿಸಿದರೆ ಕೆಲವು ವರ್ಷ ಬದುಕಬಹುದು. ಹಗಲೂ ರಾತ್ರಿ ಒಬ್ಬರು ಪಕ್ಕದಲ್ಲಿರಬೇಕು, ಪೈಪು ಚೊಕ್ಕ ಮಾಡುತ್ತಲೇ ಇರಬೇಕು. ಬೇಡವೆಂದರೆ ಈ ಚಳಿಗಾಲ ದಾಟುವುದು ಕಷ್ಟ. "ಉತ್ತರ ನಿಮ್ಮದೇ ಆಗಬೇಕು ಮಾಸ್ತರೇ, ಮನೆಯವರದಲ್ಲ. ಆದರೆ ದಸರಾ ಮುಗಿದ ಎರಡು ದಿನಗಳೊಳಗೆ ತಿಳಿಸಿ. ಆಮೇಲೆ ಶಸ್ತ್ರಕ್ರಿಯೆ ತಡಕೊಳ್ಳುವ ಶಕ್ತಿ ನಿಮಗಿರುವುದಿಲ್ಲ."

ಜೊತೆಗೆ ಒಯ್ದಿದ್ದ ಕಂಪ್ಯೂಟರು ಕೌಶಿಕನ ಎದುರು, ನರ್ಸುಗಳ ಎದುರು, "ವಿಚಾರ ಮಾಡಿ ಹೇಳತೇನಿ" ಎಂದು ಸಾರಿತು. ಮನೆಗೆ ಬಂದ ಮೇಲೆ ಆ ಮಾತೇ ಇಲ್ಲ. ಹೌದೋ ಅಲ್ಲವೋ ಎಂದು ಕೌಶಿಕ ಕೇಳಿದಾಗಲೆಲ್ಲ ಮಾಸ್ತರು ಕಣ್ಣು ಮುಚ್ಚಿ ತೆರೆಯದೆ ಮಲಗಿಬಿಡುವರು. ಹೇಳುವ ಮಾತಿದೆ, ಅದು ಹೌದು ಅಲ್ಲ ಎಂಬುದರಲ್ಲಿ ಹಿಡಿಸುವುದಿಲ್ಲ ಎಂದು ಅನ್ನಪೂರ್ಣಾಬಾಯಿಗೆ ಅನಿಸಿತು. ಬರೆಯಲಿ, ಹಬ್ಬದೊಳಗೆ ಬರೆದಾರು ಎಂದು ಕಾಯ್ದಳು. ಅವರು ಬದುಕಬೇಕು ಎಂಬುದೊಂದೇ ಅವಳಿಗೆ ಗೊತ್ತಿದ್ದದ್ದು.

ನವಮಿ ಹಾಗೆ ಬಂತು. ಯಂತ್ರಕ್ಕೆ ಅವತ್ತು ವಿಶ್ರಾಂತಿ, ಮಾಸ್ತರರಿಗೆ ಮೌನ. ದಶಮಿಯ ಬೆಳಿಗ್ಗೆ ಸ್ನಾನ ಮಾಡಿ ಬಂದು ಕಂಪ್ಯೂಟರು ಚಾಲೂ ಮಾಡುವ ಗುಂಡಿ ಒತ್ತಿದಳು. ಒಳಗೆ ಚಟ್ ಎಂದಿತು. ಸುಟ್ಟ ವಾಸನೆ ಬಂತು. ಪರದೆ ಕರ್ರಗೇ ಉಳಿಯಿತು.

ಬನ್ನಿ ಕೊಡಲು ಬಂದಿದ್ದ ಕೌಶಿಕನನ್ನು ಕಾಕಾನ ಹತ್ತಿರ ಕೂರಿಸಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಟಂಟಂ ರಿಕ್ಷಾ ಹತ್ತಿದಳು. ದಾರಿಯ ಎರಡೂ ಕಡೆ ಹತ್ತಿ ಒಡೆದಿತ್ತು, ಹಿಂಗಾರಿ ಬಿತ್ತನೆಗೆ ಹೊಲ ಹರಗಿದ್ದರು. ಅವಳ ಕಣ್ಣಿಗೆ ಯಾವುದೂ ಬೀಳಲಿಲ್ಲ. ನವಲಗುಂದದಲ್ಲಿ ಹಬ್ಬದ ದಿನ ಬಾಗಿಲು ತೆಗೆದಿದ್ದದ್ದು ನಾಜಮೀನಳ ಅಂಗಡಿಯೊಂದೇ. ಡಿಪ್ಲೊಮಾ ಓದಿ ಬಂದು ಕಂಪ್ಯೂಟರ್ ರಿಪೇರಿಗೆ ಕೂತ ಹುಡುಗಿ. ಅವಳು ತಗಡು ಬಿಚ್ಚಿ ದೀಪ ಹಿಡಿದು ನೋಡಿದಳು. ಕುಂಕುಮ ಹರಿದು ಕೆಳಗಿನವರೆಗೆ ಇಳಿದಿತ್ತು. ಹಲಗೆಯ ಎರಡು ಲೋಹದ ಮುಳ್ಳುಗಳ ನಡುವೆ ಅಕ್ಷತೆಯ ಕಾಳೊಂದು ಸಿಕ್ಕಿಕೊಂಡಿತ್ತು. ಅವಳು ನಗಲಿಲ್ಲ, ಬೈಯಲೂ ಇಲ್ಲ.

"ಪೂಜಿ ಮಾಡೀರೇನ್ರಿ ಅಮ್ಮಾರ?"

"ಹೂಂ ಅವಾ. ಮಾತಾಡೂದು ಇದ ಅಂತ ತಿಳದು ಮಾಡೀನಿ."

ನಾಜಮೀನ್ ಚಿಮುಟದಿಂದ ಅಕ್ಕಿಕಾಳು ತೆಗೆದು ಬದಿಗಿಟ್ಟಳು. ಆಮೇಲೆ ಹಲಗೆಯ ಮೇಲಿದ್ದ ಒಂದೊಂದನ್ನೂ ಕಳಚತೊಡಗಿದಳು. "ಇದು ಪ್ರೊಸೆಸರ್ ರಿ. ಲೆಕ್ಕಾ ಮಾಡೂದು, ವಿಚಾರ ಮಾಡೂದು ಎಲ್ಲಾ ಇದು. ಈ ಪಟ್ಟಿ ಐತಲ್ಲ, ಇದು ರ್ಯಾಮು, ಈಗಿಂದೀಗಿನ ನೆನಪು, ಕರೆಂಟ್ ಹೋದ್ರ ಮರತಬಿಡ್ತೈತಿ. ಈ ಡಿಸ್ಕ್ ಮರಿಯೂದಿಲ್ಲ, ನಿಮ್ಮ ಮಾಸ್ತರು ಬರದದ್ದೆಲ್ಲಾ ಇದರಾಗ ಭದ್ರ ಐತಿ. ಈ ಸಣ್ಣ ಕಾರ್ಡಿಗೆ ಅವರ ಕೈಯಾಗಿನ ಗುಂಡಿ ಬಂದು ಕೂಡ್ತೈತಿ." ಒಂದೊಂದನ್ನೂ ಬೇರೆ ಯಂತ್ರಕ್ಕೆ ಸಿಕ್ಕಿಸಿ ನೋಡಿದಳು. "ನೋಡ್ರಿ, ಇದು ಚಲೋ ಐತಿ. ಇದೂ ಚಲೋ ಐತಿ."

"ಮತ್ತ ಈ ಹಸರ ಹಲಗಿ?"

"ಮದರ್‌ಬೋರ್ಡ್ ರಿ. ತಾನಾಗಿ ಇದು ವಿಚಾರ ಮಾಡೂದಿಲ್ಲ, ನೆನಪೂ ಇಡೂದಿಲ್ಲ. ಎಲ್ಲಾರ ನಡುವ ಇರೂದು ಇದರ ಕೆಲಸ. ಈ ಗೆರಿ ಅದಾವಲ್ಲ, ಎಲ್ಲಾ ದಾರಿರಿ. ಹೊರಗಿಂದ ಬಂದ ಕರೆಂಟನ್ನ ಯಾರಿಗೆಷ್ಟು ಬೇಕೋ ಅಷ್ಟ ಹಂಚಿ ಕೊಡ್ತೈತಿ. ಗುಂಡಿ ಒತ್ತಿದ ಸುದ್ದಿ ಇಲ್ಲಿಂದ ಪ್ರೊಸೆಸರಿಗೆ ಹೊಕ್ಕೈತಿ, ಅಲ್ಲಿಂದ ಹೊಳ್ಳಿ ಪರದಿಗೆ, ಆಮ್ಯಾಲ ಸ್ಪೀಕರಿಗೆ. ಹೆಂಗ ಕೊಟ್ಟರ ಹಂಗ ಒಯ್ದು ಮುಟ್ಟಸಬೇಕು. ತನ್ನದೊಂದು ಮಾತು ನಡುವ ಸೇರಿಸಿತಂದ್ರ ಯಂತ್ರಾನ ನಿಂತ ಹೊಕ್ಕೈತಿ." ಅವಳು ಸುಟ್ಟು ಕಪ್ಪಾದ ಜಾಗಕ್ಕೆ ಬೆರಳು ತೋರಿಸಿದಳು. "ಒಣ ಕುಂಕುಮ ಆಗಿದ್ರ ಜಾಡಿಸಿ ಬಿಡಬಹುದಿತ್ತು. ಹಸೀದು ಒಂದು ದಾರಿಗೆ ಇನ್ನೊಂದನ್ನ ಕೂಡಿಸಿಬಿಡ್ತು. ಎಲ್ಲಾ ನೆಟ್ಟಗ ಅದಾವ್ರಿ ಅಮ್ಮಾರ. ಒಂದರ ಸುದ್ದಿ ಒಂದಕ್ಕ ಮುಟ್ಟೂದಿಲ್ಲ, ಅಷ್ಟ."

ಇದೇ ಮಾತನ್ನು ಅನ್ನಪೂರ್ಣಾಬಾಯಿ ಹುಬ್ಬಳ್ಳಿಯ ಡಾಕ್ಟರ ಬಾಯಿಂದ ಕೇಳಿದ್ದಳು. ಗಂಡನಿಗೆ ದೇವರು ಮಾಡಿದ್ದನ್ನು ಯಂತ್ರಕ್ಕೆ ತಾನು ಮಾಡಿದಂತಾಯಿತು. ಆಗ ಪೂಜೆಯ ಹೊತ್ತಿನ ನೆನಪು ಬಂತು. ಮಂಚದ ಮೇಲಿನಿಂದ ಮಾಸ್ತರು ಎಲ್ಲವನ್ನೂ ನೋಡುತ್ತಿದ್ದರು. ಅವಳು ಕುಂಕುಮ ಕಲಸುವಾಗ ಎರಡೆರಡು ಸಲ ಕಣ್ಣು ಮುಚ್ಚಿ ತೆರೆದಿದ್ದರು, ಮತ್ತೆ ಮತ್ತೆ. ಊದಿನಕಡ್ಡಿಯ ಹೊಗೆ ತಾಗಿರಬೇಕೆಂದು ಅವಳು ಸೆರಗಿನಿಂದ ಅವರ ಕಣ್ಣು ಒರೆಸಿದ್ದಳು. ಒರೆಸಿ, ಹೋಗಿ, ಕುಂಕುಮ ಇಟ್ಟಿದ್ದಳು. ಅಂಗಡಿಯ ಸ್ಟೂಲಿನ ಮೇಲೆ ಕೂತವಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಬ್ಯಾರೆ ಕಂಪ್ಯೂಟರಿಗೆ ಹಚ್ಚಲಿಕ್ಕೆ ಬರೂದಿಲ್ಲೇನವಾ?"

"ಈ ಗುಂಡಿ ಕಾರ್ಡು ಹಳೆ ನಮೂನಿದ್ರಿ. ಇದು ಕೂಡೂ ಜಾಗಾ ಹೊಸಾ ಬೋರ್ಡಿನಾಗ ಇರೂದಿಲ್ಲ. ಇಂಥಾದ ಬೋರ್ಡು ಹುಡುಕಿ ತರಸ್ತೀನಿ. ಒಂದು ವಾರ ಮ್ಯಾಲೇ ಹಿಡೀತೈತಿ."

ವಾರವೆಲ್ಲಿ ಇತ್ತು? ಡಾಕ್ಟರು ಕೊಟ್ಟ ಗಡುವು ಎರಡೇ ದಿನ ದೂರವಿತ್ತು.

ಮನೆಗೆ ಬಂದಾಗ ಕೌಶಿಕ ಬಾಗಿಲಲ್ಲೇ ನಿಂತಿದ್ದ. ಸುದ್ದಿ ಕೇಳಿ ಒಳಗೆ ಹೋಗಿ ಕಾಕಾನ ಮುಖದ ಮೇಲೆ ಬಾಗಿದ. "ಕಾಕಾ, ಪೈಪ್ ಹಾಕಸೂಣು ಹೌದಲ್ಲೊ? ಒಮ್ಮೆ ಕಣ್ಣ ಮುಚ್ಚಿ ತಗೀ, ಸಾಕು." ಮಾಸ್ತರು ಕಣ್ಣು ಮುಚ್ಚಿದರು, ತೆರೆಯಲಿಲ್ಲ. ಅವನು ಕಾಯ್ದು ಕಾಯ್ದು ಹೊರಗೆ ಬಂದ.

"ಕಾಕೂ, ನಾ ಒಂದು ಹೇಳ್ಲೇನು? ಹೂಂ ಅಂದಾರ ಅಂತ ನೀವ ಡಾಕ್ಟರಿಗೆ ಹೇಳಿಬಿಡ್ರಿ. ಅಕ್ಷರಾ ಓದಿ ತಿಳಕೊಂಡೆ ಅನ್ರಿ. ಯಂತ್ರ ಬರೂಕಿಂತ ಮೊದಲ ಅವರ ಮಾತು ನೀವ ಅಲ್ಲೇನು ಓದಿದವರು? ಯಾರೂ ಇಲ್ಲ ಅನ್ನೂದಿಲ್ಲ."

ಹುಡುಗ ಕೆಟ್ಟವನಲ್ಲ. ಕಾಕಾನ ಜೀವ ಉಳಿಯಲಿ ಎಂಬ ಆಸೆ ಅವನದು, ಮತ್ತು ಅದೇ ಆಸೆ ಅವಳದೂ ಆಗಿದ್ದರಿಂದ ಆ ಮಾತು ಎಷ್ಟು ಸಲೀಸಾಗಿ ಕಿವಿಯಲ್ಲಿ ಇಳಿಯಿತೆಂದರೆ ಅವಳಿಗೇ ಹೆದರಿಕೆಯಾಯಿತು. ಸುಳ್ಳು ಹೇಳುವುದೂ ಬೇಕಾಗಿರಲಿಲ್ಲ. ಮಂಚದ ಪಕ್ಕ ಕೂತು, ಎರಡು ಅಕ್ಷರ ಕೇಳಿ, ಉಳಿದದ್ದನ್ನು ಯಾವತ್ತಿನಂತೆ ತಾನೇ ತುಂಬಿದರೆ ಆಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಈ ಮನೆಯ ಪೂಜಾರಿ ಯಾರೆಂದು ಅವಳಿಗೆ ಅವತ್ತು ಸ್ಪಷ್ಟವಾಗಿ ಗೊತ್ತಾಯಿತು.

"ಬ್ಯಾಡ ಕೌಶಿಕ. ನಾಳೆ ಮುಂಜಾನೆ ನಾ ಕೂಡ್ತೀನಿ. ಅವರು ಏನ ಕೊಡ್ತಾರ ಅದನ್ನ ನಿನಗ ಮುಟ್ಟಸ್ತೀನಿ."

"ಅವರು ಬ್ಯಾಡ ಅಂದ್ರ?"

ಸಂಜೆ ಓಣಿಯವರು ಬಂದು ಬಂಗಾರದ್ಹಂಗ ಇರೂಣು ಎನ್ನುತ್ತ ಮಾಸ್ತರರ ಅಂಗೈಯಲ್ಲಿ ಬನ್ನಿ ಎಲೆ ಇಟ್ಟು ಹೋದರು. ಮುಚ್ಚಲಾರದ ಆ ಅಂಗೈಯಿಂದ ಎಲೆಗಳು ಹಾಸಿಗೆಯ ಮೇಲೆ ಬೀಳುತ್ತಿದ್ದವು, ಅವಳು ಆರಿಸಿ ತಾಟಿನಲ್ಲಿ ಹಾಕುತ್ತಿದ್ದಳು.

ಮರುದಿನ ಬೆಳಿಗ್ಗೆ ಅವರ ಮುಖ ತೊಳೆಸಿ, ದಿಂಬು ಏರಿಸಿ, ಒಂದು ಪಾಟಿ ಬಳಪ ಹಿಡಿದುಕೊಂಡು ಪಕ್ಕದಲ್ಲಿ ಕೂತಳು.

"ಮೊದಲ ಒಂದು ಮಾತು. ಅದನ್ನ ಹಾಳ ಮಾಡಿದಾಕಿ ನಾನ ರಿ. ನೀವು ಬ್ಯಾಡ ಬ್ಯಾಡ ಅಂದ್ರಿ, ನಾ ನೋಡಲಿಲ್ಲ."

ಮಾಸ್ತರು ಒಮ್ಮೆ ಕಣ್ಣು ಮುಚ್ಚಿ ತೆರೆದರು. ಹೌದು. ಗಣಿತದ ಮಾಸ್ತರು, ತಪ್ಪು ಉತ್ತರಕ್ಕೆ ಎಂದೂ ದಯೆ ತೋರಿಸಿದವರಲ್ಲ. ಆದರೆ ಆ ನೋಟದಲ್ಲಿ ಸಿಟ್ಟಿರಲಿಲ್ಲ, ಮತ್ತು ಅದು ಅವಳಿಗೆ ಬೈಗಳಕ್ಕಿಂತ ಕಷ್ಟವಾಯಿತು.

ಅವಳು ಸಾಲು ಹೇಳತೊಡಗಿದಳು. ಸ್ವರಗಳ ಸಾಲೇ, ಕ ಸಾಲೇ, ಚ ಸಾಲೇ. ಸಾಲು ಸಿಕ್ಕ ಮೇಲೆ ಅಕ್ಷರ, ಅಕ್ಷರ ಸಿಕ್ಕ ಮೇಲೆ ಕಾಗುಣಿತ. ಸಿಕ್ಕದ್ದನ್ನು ಪಾಟಿಯ ಮೇಲೆ ಬರೆದಳು. ಮೊದಲ ಶಬ್ದ 'ನಿನಗ' ಎಂದಾಯಿತು. ತಕ್ಷಣ ಅವಳ ಬಾಯಲ್ಲಿ ಮುಂದಿನ ಮಾತು ತಯಾರಾಗಿ ಕೂತಿತು. ನಿನಗ ಬೇಕಾದ್ರ ಹಾಕಸು, ನಿನಗ ತಿಳಿದ್ಹಂಗ ಮಾಡು. ಎಂದಿನ ಅನ್ನಪೂರ್ಣಾಬಾಯಿಯಾಗಿದ್ದರೆ ಅಷ್ಟಕ್ಕೇ ಪಾಟಿ ಒರೆಸಿ ಫೋನು ಹಚ್ಚುತ್ತಿದ್ದಳು. ಅವಳು ತುಟಿ ಕಚ್ಚಿಕೊಂಡು ಮತ್ತೆ ಸ್ವರಗಳ ಸಾಲಿನಿಂದ ಶುರು ಮಾಡಿದಳು.

ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲುವ ಸದ್ದು ಕೇಳಿಸಿತು. ಓಡಿಹೋಗಿ ಒಲೆ ಆರಿಸಿ ಬಂದು ಕೂತಳು. ನಡುನಡುವೆ ಮಾಸ್ತರರಿಗೆ ಉಸಿರು ಸಾಲದಾಗುತ್ತಿತ್ತು, ಆಗ ಇಬ್ಬರೂ ಸುಮ್ಮನಿರುತ್ತಿದ್ದರು. ಯಂತ್ರ ಬಂದ ಮೇಲೆ ಅವಳು ಅವರ ಮುಖವನ್ನು ಇಷ್ಟು ಹೊತ್ತು ನೋಡಿರಲೇ ಇಲ್ಲ. ಮಾತು ಅಡುಗೆಮನೆಯವರೆಗೂ ಕೇಳಿಸುತ್ತಿತ್ತಲ್ಲ, ನೋಡುವ ಕೆಲಸವೇನಿತ್ತು. ಕಣ್ಣಿನ ಕೆಳಗೆ ಎಷ್ಟು ಇಳಿದುಹೋಗಿದ್ದರು. ಆದರೂ ಅವಳು ಸಾಲು ತಪ್ಪಿಸಲಿಲ್ಲ.

ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುವ ಹೊತ್ತಿಗೆ ಪಾಟಿಯ ಮೇಲೆ ಇಷ್ಟು ಮೂಡಿತ್ತು: ನಿನಗ ದಣಿವಾಗಿದ್ದರ ಬ್ಯಾಡ. ಖರೇ ಹೇಳು.

ಅವಳು ಅದನ್ನು ಓದಿದಳು. ಮತ್ತೊಮ್ಮೆ ಓದಿದಳು.

ಇಷ್ಟು ದಿನ ಅವರು ಯಾಕೆ ಬರೆಯಲಿಲ್ಲ ಎಂಬುದು ಆಗ ತಿಳಿಯಿತು. ಆ ಯಂತ್ರ ಏನು ಹೇಳಿದರೂ, ಮನೆಯಲ್ಲಿ ಇಬ್ಬರೇ ಇದ್ದಾಗಲೂ, ಊರಿಗೆಲ್ಲ ಕೇಳುವಂತೆ ಹೇಳುತ್ತಿತ್ತು. ಡಾಕ್ಟರ ಎದುರು, ನರ್ಸುಗಳ ಎದುರು, ಗಂಡನ ಅಣ್ಣನ ಮಗನ ಎದುರು ಆ ವಾರ್ತೆ ಓದುವವನು ನಿನಗ ದಣಿವಾಗಿದೆಯೇ ಎಂದು ಕೇಳಿದ್ದರೆ, ಯಾವ ಹೆಂಡತಿ ಹೌದು ಎಂದಾಳು? ಅವಳ ಉತ್ತರ ಏನಾಗಿರುತ್ತಿತ್ತು ಎಂಬುದು ಮಾಸ್ತರರಿಗೆ ಮೊದಲೇ ಗೊತ್ತಿತ್ತು. ಆ ಉತ್ತರ ಅವರಿಗೆ ಬೇಕಾಗಿರಲಿಲ್ಲ. ಅವಳೊಬ್ಬಳಿಗೇ ಕೇಳುವ ದಾರಿಗಾಗಿ ಅವರು ಕಾಯ್ದಿದ್ದರು.

"ಛೇ, ನನಗೇನ ದಣಿವು" ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅವಳು ಅದನ್ನು ತಡೆದಳು. ಖರೇ ಹೇಳು ಎಂದು ಕೇಳಿದವರಿಗೆ ಇದನ್ನೂ ತನಗೆ ಬೇಕಾದಂತೆ ತಿದ್ದಿ ಕೊಟ್ಟರೆ, ಅವರ ಮಾತನ್ನು ಮತ್ತೊಮ್ಮೆ ತಾನೇ ಮುಗಿಸಿದಂತಾಗುತ್ತಿತ್ತು. ಸೊಂಟದ ನೋವು ಇತ್ತು. ಪೂರ್ತಿ ನಿದ್ದೆ ಮಾಡಿ ಎದ್ದ ಬೆಳಗು ಯಾವುದೆಂದು ನೆನಪಿರಲಿಲ್ಲ. ತಂಗಿಯ ಮಗಳ ಮದುವೆಗೆ ಹೋಗಲಾಗಲಿಲ್ಲ. ಒಮ್ಮೊಮ್ಮೆ ಹಾಸಿಗೆ ಬದಲಿಸುವಾಗ ದೇವರೇ ಇದು ಎಂದಿಗೆ ಮುಗಿಯುತ್ತದೆ ಎಂದು ಅನಿಸಿದ್ದೂ ಉಂಟು, ಅನಿಸಿದ್ದಕ್ಕೆ ಬಚ್ಚಲಿಗೆ ಹೋಗಿ ಅತ್ತದ್ದೂ ಉಂಟು. ಇದನ್ನೆಲ್ಲ ಅವಳು ಯಾರಿಗೂ ಹೇಳಿರಲಿಲ್ಲ. ಈಗ ತಲೆ ತಗ್ಗಿಸಿ, ಪಾಟಿಯನ್ನು ನೋಡುತ್ತ, ಒಂದೂ ಬಿಡದೆ ಹೇಳಿದಳು. ಹೇಳುವಾಗ ಅತ್ತಳು. ಮಾಸ್ತರು ಕೇಳುತ್ತಿದ್ದರು.

ಆಮೇಲೆ ಅವಳು ತಲೆ ಎತ್ತಿದಳು.

"ದಣದೀನ್ರಿ. ಭಾಳ ದಣದೀನಿ. ಆದ್ರೂ ನೀವು ಇರ್ರಿ."

ಮಾಸ್ತರು ಅವಳನ್ನೇ ನೋಡುತ್ತಿದ್ದರು. ಅವಳು ಮುಂದೆ ಏನೂ ಸೇರಿಸದೆ ಕಾಯ್ದಳು. ಬಹಳ ಹೊತ್ತು ಕಾಯ್ದಳು. ಅವರು ಒಮ್ಮೆ ಕಣ್ಣು ಮುಚ್ಚಿ ತೆರೆದರು. ಪೈಪ್ ಹಾಕಸೂಣೇನ್ರಿ ಎಂದು ಅವಳು ಕೇಳಿದಳು. ಮತ್ತೆ ಒಮ್ಮೆ ಮುಚ್ಚಿ ತೆರೆದರು.

ಅವಳು ಕಣ್ಣೊರೆಸಿಕೊಂಡು ಕೌಶಿಕನಿಗೆ ಫೋನು ಹಚ್ಚಿದಳು. ಹುಬ್ಬಳ್ಳಿಗೆ ಹೋಗೂಣು, ಗಾಡಿ ತಗೊಂಡು ಬಾ ಎಂದಳು. ನಿನ್ನೆ ತಾನೇ ಹೇಳಿಕೊಟ್ಟ ಸುಳ್ಳು ಅವನಿಗೆ ನೆನಪಾಗಿರಬೇಕು.

"ಕಾಕೂ, ಖರೇ ಹೇಳ್ರಿ. ಹೂಂ ಅಂದದ್ದು ಕಾಕಾನೋ, ನೀವೋ?"

ಅನ್ನಪೂರ್ಣಾಬಾಯಿ ಮಂಚದ ಕಡೆ ನೋಡಿದಳು.

"ಇಬ್ಬರೂ ಅಂದೀವಿ," ಎಂದಳು.